ಮೊದಲು ಮಾಧ್ಯಮ ಕೇಳಿ, ಆಮೇಲೆ ಅರ್ಥ

ಇಂದಿನ ಕಲಾವಿದರನ್ನು ಹುಡುಕುವುದು, ಅವರ ಕೆಲಸ ನೋಡುವುದು, ಕೊಳ್ಳುವುದು, ಕೊಂಡದ್ದನ್ನು ಕಾಪಾಡುವುದು ಹೇಗೆಂದು ನಮ್ಮ ಓದುಗರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ರಾಜಾ ರವಿವರ್ಮ ಗೊತ್ತು, ಕೆ.ಕೆ. ಹೆಬ್ಬಾರ್ ಗೊತ್ತು. ಈಗ ಕೆಲಸ ಮಾಡುತ್ತಿರುವ ಕಲಾವಿದರ ಹೆಸರು ಕೇಳಿದರೆ ಒಂದೂ ಬಾಯಿಗೆ ಬರುವುದಿಲ್ಲ. ಧಾರವಾಡದಲ್ಲಿ ಕೂತು ಅವರ ಪರಿಚಯ ಮಾಡಿಕೊಳ್ಳುವುದು ಹೇಗೆ?
— ನಿವೃತ್ತ ಬ್ಯಾಂಕ್ ನೌಕರರು, ಮಾಳಮಡ್ಡಿ, ಧಾರವಾಡ

ಉತ್ತರ: ಕೂತ ಜಾಗದಿಂದಲೇ ಶುರು ಮಾಡಿ. ಡಿ.ವಿ. ಹಾಲಭಾವಿಯವರು 1930ರ ದಶಕದಲ್ಲೇ ಕಲಾಶಾಲೆ ಕಟ್ಟಿದ ಊರು ನಿಮ್ಮದು. ಪಕ್ಕದ ಹುಬ್ಬಳ್ಳಿಯಲ್ಲಿ ವಿಜಯ ಮಹಾಂತೇಶ ಲಲಿತಕಲಾ ಮಹಾವಿದ್ಯಾಲಯವಿದೆ. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ಕಾಲದಿಂದ ನಡೆದುಬಂದ ಕಲಾಶಿಕ್ಷಣದ ಪರಂಪರೆಯಿದೆ. ಕಲಾ ಕಾಲೇಜುಗಳು ಶೈಕ್ಷಣಿಕ ವರ್ಷದ ಕೊನೆಗೆ ಅಂತಿಮ ವರ್ಷದವರ ಕೆಲಸವನ್ನು ಪ್ರದರ್ಶನಕ್ಕಿಡುತ್ತವೆ. ಕಾರ್ಯಾಲಯಕ್ಕೆ ಫೋನ್ ಮಾಡಿ ತಾರೀಕು ಕೇಳಿಕೊಳ್ಳಿ, ಪತ್ರಿಕೆಯಲ್ಲಿ ಬರಲಿ ಅಂತ ಕಾಯಬೇಡಿ. ಸುದ್ದಿ ಬರುವುದು ಬಹಳ ಸಲ ಉದ್ಘಾಟನೆಯ ಮರುದಿನ, ಪ್ರದರ್ಶನ ಇರುವುದೇ ಮೂರು ನಾಲ್ಕು ದಿನ.

ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋದಾಗ ಎಲ್ಲವನ್ನೂ ಮೆಚ್ಚಲು ಹೋಗಬಾರದು. ಮೊದಲ ಸುತ್ತು ನಿಲ್ಲದೆ ಹಾಕಿ. ಎರಡನೇ ಸುತ್ತಿನಲ್ಲಿ ಕಾಲು ತಾನಾಗಿ ನಿಂತ ಮೂರೇ ಮೂರು ಕೃತಿಗಳ ಮುಂದೆ ಹತ್ತು ಹತ್ತು ನಿಮಿಷ ಕಳೆಯಿರಿ, ಕೃತಿಯ ಪಕ್ಕದ ಪಟ್ಟಿಯಲ್ಲಿರುವುದನ್ನು ಪೂರ್ತಿ ಬರೆದುಕೊಳ್ಳಿ: ಕಲಾವಿದರ ಹೆಸರು, ಕೃತಿಯ ಹೆಸರು, ಇಸವಿ, ಮಾಧ್ಯಮ (ಅಂದರೆ ಕೃತಿ ಯಾವುದರಿಂದ ಆಗಿದೆ ಎಂಬುದು), ಅಳತೆ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ಬರೀ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದರೆ ಎರಡು ತಿಂಗಳಿಗೆ ಯಾವುದು ಯಾರದೆಂದು ಮರೆತುಹೋಗುತ್ತದೆ. ಪಟ್ಟಿಯ ಫೋಟೊ ಮೊದಲು, ಕೃತಿಯದು ಆಮೇಲೆ ತೆಗೆದರೆ ಅಷ್ಟರಮಟ್ಟಿಗೆ ಗೊಂದಲ ತಪ್ಪುತ್ತದೆ.

ಒಂದು ಹೆಸರು ಸಿಕ್ಕ ಮೇಲೆ ಅದರ ಎಳೆ ಹಿಡಿದು ಹೋಗಬೇಕು. ಕಲಾವಿದ ಎಲ್ಲಿ ಕಲಿತರು, ಯಾರ ಬಳಿ ಕಲಿತರು, ಯಾರ ಜೊತೆ ಪ್ರದರ್ಶನ ಮಾಡಿದರು, ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿದವರು ಯಾರು — ಈ ನಾಲ್ಕು ಪ್ರಶ್ನೆಗಳಲ್ಲಿ ಪ್ರತಿಯೊಂದೂ ಹೊಸ ಹೆಸರು ಕೊಡುತ್ತದೆ. ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿಗೆ ಹೋಗಿ 1960ರ ದಶಕದಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಬಾದಾಮಿಯ ಜನರನ್ನೇ ಬಣ್ಣಬಣ್ಣವಾಗಿ ಬರೆದ ಜೆ.ಎಂ.ಎಸ್. ಮಣಿ ಅಲ್ಲಿಂದ ಬಂದವರು. ಚಿತ್ರ ಬಿಟ್ಟು ಹಗ್ಗ, ಕುಂಕುಮ, ಸಗಣಿಯಲ್ಲಿ ಕೆಲಸ ಮಾಡಿ ಜಗತ್ತಿನ ದೊಡ್ಡ ಸಂಗ್ರಹಾಲಯಗಳನ್ನು ಹೊಕ್ಕ ಶೀಲಾ ಗೌಡ ಕೂಡ ಅಲ್ಲಿಯೇ ಓದಿದವರು. ಒಂದೇ ಶಾಲೆಯಿಂದ ಇಷ್ಟು ಬೇರೆ ಬೇರೆ ದಾರಿ ಹೇಗೆ ಹೊರಟವು ಎನ್ನುವ ಕುತೂಹಲವೊಂದೇ ನಿಮ್ಮನ್ನು ಆರು ತಿಂಗಳು ಓದಿಸುತ್ತದೆ.

ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿಬನ್ನಿ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಹಗಲೆಲ್ಲ ನಿಮ್ಮದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಇದೆ, ಜನ ಅದನ್ನು ಮ್ಯಾಪ್ ಅಂತಲೇ ಕರೆಯುತ್ತಾರೆ. ಅದೇ ರಸ್ತೆಯಲ್ಲಿ ವೆಂಕಟಪ್ಪ ಕಲಾ ಗ್ಯಾಲರಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು. ಸೋಮವಾರ ಮಾತ್ರ ಹೋಗಬೇಡಿ, ಸಂಗ್ರಹಾಲಯಗಳಿಗೆ ಅಂದು ರಜೆ. ಜನವರಿಯ ಚಿತ್ರಸಂತೆಗೆ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಇರಿ. ಹನ್ನೊಂದರ ಮೇಲೆ ಕಾಣುವುದು ಜನರ ಬೆನ್ನು, ಚಿತ್ರವಲ್ಲ. ಸಂತೆಯಲ್ಲಿ ಮಾರಾಟಕ್ಕೆಂದೇ ಮಾಡಿದ ಬುದ್ಧ, ಕುದುರೆ, ಗಣಪತಿ ರಾಶಿ ಬಿದ್ದಿರುತ್ತವೆ. ಅವುಗಳ ನಡುವೆ ಒಳ್ಳೆಯ ಕೆಲಸ ಇರುತ್ತದೆ, ತಾಳ್ಮೆ ಬೇಕು.

ಪ್ರಶ್ನೆ: ಗೋಟಗೋಡಿ ರಾಕ್ ಗಾರ್ಡನ್‌ದಾಗ ಹಳ್ಳಿ ಮಂದಿ, ದನಾ, ಮನಿ ನೋಡಿದ್ರ ನಮಗ ಎಲ್ಲಾ ತಿಳೀತದ್ರಿ. ಬೆಂಗಳೂರಾಗ ಒಂದ್ ಗ್ಯಾಲರಿಗೆ ಹೋದ್ರ ಮ್ಯಾಲಿಂದ ಹಗ್ಗ ಇಳಿಬಿಟ್ಟಿದ್ರು, ಮೂಲ್ಯಾಗ ಡ್ರಮ್ಮಿನ ತಗಡ ನಿಲ್ಲಿಸಿದ್ರು. ಕೆಲಸದವ್ರು ಅರ್ಧಕ್ಕ ಬಿಟ್ಟು ಊಟಕ್ಕ ಹೋಗ್ಯಾರೇನೋ ಅನಿಸ್ತು. ಇದನ್ನ ಹೆಂಗ್ ನೋಡಬೇಕ್ರಿ?
— ಒಬ್ಬ ಓದುಗರು, ಶಿಗ್ಗಾಂವಿ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಟಿ.ಬಿ. ಸೊಲಬಕ್ಕನವರ ಅವರು ಗೋಟಗೋಡಿಯಲ್ಲಿ ಕಟ್ಟಿದ ಲೋಕದಲ್ಲಿ ಸಿಮೆಂಟು ಬೇರೆ ಏನನ್ನೋ ತೋರಿಸುತ್ತದೆ: ಎತ್ತು, ಮುದುಕ, ಗುಡಿಸಲು. ಸಿಮೆಂಟನ್ನು ಮರೆತು ಎತ್ತನ್ನು ನೋಡುತ್ತೀರಿ. ವಸ್ತುಗಳನ್ನೇ ಕೋಣೆಯಲ್ಲಿ ಜೋಡಿಸಿಡುವ ಇನ್‌ಸ್ಟಲೇಶನ್ ಅನ್ನುವ ಕಲೆಯಲ್ಲಿ ಹಗ್ಗ ಹಗ್ಗವಾಗಿಯೇ ಉಳಿಯುತ್ತದೆ. ಹಾಗಾಗಿ ಇದು ಏನನ್ನು ಹೋಲುತ್ತದೆ ಅಂತ ಹುಡುಕಿದರೆ ಕೈ ಬರಿದು. ಇದು ಯಾವುದರಿಂದ ಆಗಿದೆ, ಅದನ್ನು ಸಾಮಾನ್ಯವಾಗಿ ಯಾರು ಎಲ್ಲಿ ಬಳಸುತ್ತಾರೆ, ಇಲ್ಲಿ ಅದಕ್ಕೆ ಏನು ಮಾಡಿದ್ದಾರೆ ಅಂತ ಕೇಳಬೇಕು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡರ ಎರಡು ಕೃತಿಗಳನ್ನೇ ನೋಡೋಣ. ಒಂದರ ಹೆಸರು ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’, ಅಂದರೆ ‘ನನ್ನ ನೋವನ್ನು ಅವನಿಗೆ ಹೇಳು’. ದೂರದಿಂದ ಕೆಂಪು ಹಗ್ಗವೊಂದು ಗೋಡೆ ಮೇಲೆ, ನೆಲದ ಮೇಲೆ ಸುತ್ತಿ ಸುತ್ತಿ ಹರಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಹಗ್ಗವಲ್ಲ, ನೂರಾರು ಅಡಿ ಉದ್ದದ ಹೊಲಿಗೆ ದಾರಗಳ ಕಟ್ಟು. ಒಂದೊಂದು ದಾರವನ್ನೂ ಒಂದೊಂದು ಸೂಜಿಯ ಕಣ್ಣಿನಿಂದ ಉದ್ದಕ್ಕೂ ಎಳೆದು, ಕಟ್ಟನ್ನು ಕುಂಕುಮ ಮತ್ತು ಅಂಟಿನಲ್ಲಿ ಅದ್ದಿ ಒಂದು ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಜೋತುಬಿದ್ದಿವೆ. ಸೂಜಿ, ದಾರ, ಕುಂಕುಮ ನಮ್ಮ ಮನೆಗಳಲ್ಲಿ ಯಾರ ಕೈಯ ಸಾಮಾನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಷ್ಟು ದಾರ ಎಳೆಯಲು ಹಿಡಿದ ಶ್ರಮ, ಕರುಳಿನಂತೆ ನೆಲಕ್ಕೆ ಬಿದ್ದ ಆ ಕೆಂಪು, ಮುಟ್ಟಿದರೆ ಚುಚ್ಚುವ ತುದಿ ಮೂರೂ ಸೇರಿದಾಗ ಹೆಸರಿನಲ್ಲಿರುವ ನೋವು ವಿವರಣೆಯಿಲ್ಲದೆ ತಲುಪುತ್ತದೆ.

ಇನ್ನೊಂದು ‘ಬಿಹೋಲ್ಡ್’, 2009ರದು, ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕೂದಲಿನ ಹುರಿ ಕಟ್ಟುವುದನ್ನು ನೀವು ನೋಡಿರಬಹುದು. ಅದೇ ಕೂದಲಿನ ಹುರಿಯನ್ನು ಸಾವಿರಾರು ಮೀಟರ್ ಲೆಕ್ಕದಲ್ಲಿ ತಂದು, ಉಕ್ಕಿನ ಬಂಪರುಗಳನ್ನು ಅದರಲ್ಲಿ ತೂಗುಹಾಕಿದ್ದಾರೆ. ರಸ್ತೆಯಲ್ಲಿ ಬಂಪರು ಭಾರ, ಕೂದಲು ಅದಕ್ಕೊಂದು ಅಲಂಕಾರ. ಇಲ್ಲಿ ಭಾರ ಹೊತ್ತಿರುವುದೇ ಕೂದಲು. ಹರಕೆ ತೀರಿಸಲು ಮುಡಿ ಕೊಟ್ಟ ಎಷ್ಟು ಜನರ ನಂಬಿಕೆ ಆ ಹುರಿಯಲ್ಲಿ ಹೊಸೆದುಕೊಂಡಿದೆ ಎಂದು ಲೆಕ್ಕ ಹಾಕುವ ಕೆಲಸ ನೋಡುವವರದು.

ಹೀಗೆ ನೋಡಲು ಹಳ್ಳಿಯವರಿಗೆ ಪಟ್ಟಣದವರಿಗಿಂತ ಹೆಚ್ಚು ಬಂಡವಾಳ ಇದೆ ಅನ್ನುವುದು ನಮ್ಮ ಅಭಿಪ್ರಾಯ. ರಂಜನಿ ಶೆಟ್ಟರ್ ಅವರ ತೂಗುಶಿಲ್ಪಗಳಲ್ಲಿ ಉಕ್ಕಿನ ತಂತಿಯ ಹಂದರಕ್ಕೆ ಬಟ್ಟೆ ಹೊದಿಸಿ, ಹುಣಸೆ ಬಳಸಿ ಹದ ಮಾಡಿರುವುದನ್ನು ಓದಿದ ಪಟ್ಟಣಿಗರು ಬೆರಗಾಗುತ್ತಾರೆ. ಕಂಬಳಿ ನೇಯುವ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ಕಂಡವರಿಗೆ ಅದು ಎಷ್ಟು ಬಿಗಿಯುತ್ತದೆ, ಮಳೆಗಾಲದಲ್ಲಿ ಏನಾಗುತ್ತದೆ ಎಲ್ಲ ಗೊತ್ತು. ಪ್ರಭಾವತಿ ಮೆಪ್ಪಾಯಿಲ್ ಅವರ ಬಿಳಿ ಹಲಗೆಗಳೂ ಅಷ್ಟೆ. ದೂರದಿಂದ ಖಾಲಿ ಬಿಳಿ. ಪಕ್ಕದಿಂದ ಓರೆಯಾಗಿ ನೋಡಿದರೆ ಸೀಮೆಸುಣ್ಣದಂಥ ಲೇಪದ ಮೇಲೆ ಸಾವಿರಾರು ಸಣ್ಣ ಗುರುತುಗಳು. ಅಕ್ಕಸಾಲಿಗರು ಬಳೆಯ ಮೇಲೆ ನಕ್ಷೆ ಒತ್ತುವ ಉಪಕರಣದಿಂದಲೇ ಅವನ್ನು ಒತ್ತಿದ್ದಾರೆ. ಅವರದು ಅಕ್ಕಸಾಲಿಗರ ಮನೆತನ.

ಮುಂದಿನ ಸಲ ಹೋದಾಗ ಹೀಗೆ ಮಾಡಿ. ಬಾಗಿಲಲ್ಲೇ ನಿಂತು ಇಡೀ ಕೋಣೆ ನೋಡಿ: ಕೃತಿ ನೆಲಕ್ಕಿದೆಯೋ, ಗೋಡೆಗೋ, ಮಾಳಿಗೆಗೋ. ಒಳಗೆ ನಡೆಯಲು ದಾರಿ ಬಿಟ್ಟಿದ್ದರೆ ನಡೆಯಿರಿ, ಬಿಟ್ಟಿಲ್ಲದಿದ್ದರೆ ಅದೂ ಬೇಕೆಂದೇ ಮಾಡಿದ್ದು. ಆಮೇಲೆ ಪಟ್ಟಿಯಲ್ಲಿ ಮಾಧ್ಯಮ ಓದಿ. ಗೋಡೆಗೆ ಅಂಟಿಸಿದ ಉದ್ದನೆ ವಿವರಣೆಯನ್ನು ಕೊನೆಗೆ ಓದಿದರೆ ಸಾಕು. ಮೊದಲೇ ಓದಿದರೆ ಅದರಲ್ಲಿ ಹೇಳಿದ್ದೇ ಕಾಣುತ್ತದೆ. ಇಷ್ಟೆಲ್ಲ ನೋಡಿಯೂ ಏನೂ ಅನಿಸದಿದ್ದರೆ ಮುಂದಕ್ಕೆ ನಡೆಯಿರಿ. ಸಾಮಾನು ಬೇಕಾಬಿಟ್ಟಿ ಇಟ್ಟು ವಿವರಣೆಯ ಬಲದಲ್ಲೇ ನಿಂತ ಕೃತಿಗಳೂ ಬಹಳ ಇವೆ, ತಪ್ಪು ಯಾವಾಗಲೂ ನೋಡುಗರದೇ ಅಲ್ಲ.

ಪ್ರಶ್ನೆ: ಪ್ರದರ್ಶನವೊಂದರಲ್ಲಿ ಚಿತ್ರ ಕೊಂಡೆ. ಕೆಳಗೆ ಪೆನ್ಸಿಲಿನಲ್ಲಿ 7/50 ಎಂದು ಬರೆದಿದೆ. ಮನೆಯವರು ‘ಐವತ್ತು ಪ್ರತಿ ತೆಗೆದದ್ದಕ್ಕೆ ಇಷ್ಟು ದುಡ್ಡು ಯಾಕೆ, ಜೆರಾಕ್ಸ್ ತಾನೇ’ ಅನ್ನುತ್ತಾರೆ. ಇದು ಮೂಲಕೃತಿಯೋ ನಕಲೋ?
— ಶಿಕ್ಷಕಿ, ಬೆಟಗೇರಿ, ಗದಗ

ಉತ್ತರ: ಎರಡೂ ಆಗಿರಬಹುದು, ಪರೀಕ್ಷೆ ಮಾಡಬೇಕು. ಸಂಖ್ಯೆಯ ಅರ್ಥ, ಒಟ್ಟು ಐವತ್ತರಲ್ಲಿ ನಿಮ್ಮದು ಏಳನೆಯದು. ಕಲಾವಿದರೇ ತಾಮ್ರ ಅಥವಾ ಸತುವಿನ ತಗಡು, ಮರದ ಹಲಗೆ, ಕಲ್ಲು, ರೇಷ್ಮೆ ಪರದೆ ಇವುಗಳಲ್ಲೊಂದರ ಮೇಲೆ ಚಿತ್ರ ಕೊರೆದೋ ಬರೆದೋ ಕೈಯಿಂದ ಅಚ್ಚೊತ್ತಿದ್ದರೆ ಐವತ್ತೂ ಮೂಲಕೃತಿಗಳೇ, ಏಕೆಂದರೆ ಆ ಚಿತ್ರ ಬೇರೆಲ್ಲೂ ಇಲ್ಲ. ಆದರೆ ತೈಲಚಿತ್ರವೊಂದರ ಫೋಟೊ ತೆಗೆದು ಕಂಪ್ಯೂಟರಿನಿಂದ ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರಿಂಟಿಗೂ 7/50 ಅಂತ ಬರೆಯುತ್ತಾರೆ. ಅದು ಪ್ರತಿ. ಅದನ್ನು ಮಾರುವುದು ತಪ್ಪಲ್ಲ, ಪ್ರತಿ ಅಂತ ಹೇಳದೆ ಮಾರುವುದು ತಪ್ಪು.

ನೀವು ಇರುವುದು ಮುದ್ರಣಕ್ಕೆ ಹೆಸರಾದ ಊರಿನಲ್ಲಿ, ನೇಕಾರರ ಓಣಿಗಳ ನಡುವೆ. ಪ್ರೆಸ್ಸಿನವರ ಬಳಿ ಬಣ್ಣದ ಚುಕ್ಕೆ ನೋಡುವ, ಜವಳಿಯವರ ಬಳಿ ನೂಲು ಎಣಿಸುವ ಮಡಚು ಭೂತಗನ್ನಡಿ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವಂಥದ್ದನ್ನು ಒಂದು ಗಳಿಗೆ ಎರವಲು ತನ್ನಿ. ಚೌಕಟ್ಟಿನಿಂದ ಹೊರತೆಗೆದು ತಿಳಿಬಣ್ಣದ ಜಾಗದ ಮೇಲೆ ಇಟ್ಟು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ ಹೂವಿನಾಕಾರ ಕಟ್ಟಿದ್ದರೆ ಅದು ಆಫ್‌ಸೆಟ್, ಅಂದರೆ ಕ್ಯಾಲೆಂಡರಿನ ಜಾತಿ. ಸಾಲಿಲ್ಲದೆ ಧೂಳಿನಂತೆ ಚಿಮುಕಿಸಿದ ಬಣ್ಣಬಣ್ಣದ ಕಣಗಳು ಕಂಡರೆ ಇಂಕ್‌ಜೆಟ್. ಚುಕ್ಕೆಯೇ ಇಲ್ಲದೆ ಬಣ್ಣ ಒಂದೇ ಸಮ ಹರಡಿದ್ದರೆ ಕೈ ಅಚ್ಚಿನ ಸಾಧ್ಯತೆ ಹೆಚ್ಚು.

ಆಮೇಲೆ ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ತಗಡಿನಿಂದ ತೆಗೆದ ಎಚಿಂಗ್ ಆದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ, ಬೆರಳಿಗೂ ತಾಗುತ್ತದೆ. ಗೆರೆಗಳ ಮೇಲೆ ಶಾಯಿ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಏಕೆಂದರೆ ಅದು ಕೊರೆದ ಗುಂಡಿಯಿಂದ ಎದ್ದುಬಂದದ್ದು. ಮರದಚ್ಚಿನಲ್ಲಿ ಇದಕ್ಕೆ ಉಲ್ಟಾ: ಉಬ್ಬಿದ ಭಾಗಕ್ಕೆ ಶಾಯಿ, ಹಾಗಾಗಿ ಆಕಾರದ ಅಂಚಿಗೆ ಶಾಯಿ ತಳ್ಳಲ್ಪಟ್ಟು ಗಟ್ಟಿ ಗೆರೆ ಕಟ್ಟುತ್ತದೆ, ದೊಡ್ಡ ಕಪ್ಪು ಭಾಗದಲ್ಲಿ ಮರದ ಎಳೆ ಕಾಣುತ್ತದೆ, ಕಾಗದದ ಹಿಂಬದಿಗೂ ಒತ್ತು ಮೂಡಿರುತ್ತದೆ. ಕಲ್ಲಚ್ಚು ಚಪ್ಪಟೆ, ಆದರೆ ಮೇಣದ ಕಡ್ಡಿಯಿಂದ ಬರೆದ ತರಿ ಉಳಿದಿರುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣ ಕಾಗದದ ಮೇಲೆ ದಪ್ಪ ಪದರವಾಗಿ ಕೂತಿರುತ್ತದೆ. ಲಗ್ನಪತ್ರಿಕೆ ಮಾಡಿಸಿದವರಿಗೆಲ್ಲ ಅದು ಗೊತ್ತೇ ಇದೆ.

ಸಹಿ ಪೆನ್ಸಿಲಿನಲ್ಲಿ ಇರುವುದು ಒಳ್ಳೆಯ ಗುರುತು. ರೂಢಿಯಂತೆ ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ಇಸವಿ. ಸಂಖ್ಯೆಯ ಬದಲು ಎ.ಪಿ. ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಮೊದಲ ಪ್ರತಿಗೆ ಬೆಲೆ ಜಾಸ್ತಿ ಅನ್ನುವ ಮಾತನ್ನು ಎಲ್ಲದಕ್ಕೂ ಹಚ್ಚಬೇಡಿ. ಚೂಪು ಮೊನೆಯಿಂದ ತಗಡನ್ನು ನೇರ ಗೀರುವ ಡ್ರೈಪಾಯಿಂಟಿನಂಥ ವಿಧಾನದಲ್ಲಿ ಗೆರೆಯ ಪಕ್ಕದ ಲೋಹದ ಸಿಬಿರು ಪ್ರತಿ ಒತ್ತಿಗೂ ಸವೆಯುತ್ತದೆ, ಅಲ್ಲಿ ಮೊದಲಿನವು ನಿಜಕ್ಕೂ ಗಾಢ.

ಅಚ್ಚುಕಲೆಯ ರುಚಿ ಹತ್ತಿದರೆ ಕೃಷ್ಣ ರೆಡ್ಡಿ (1925–2018) ಅವರ ಕೆಲಸ ಹುಡುಕಿ ನೋಡಿ. ಒಂದೇ ತಗಡಿನಿಂದ ಒಂದೇ ಒತ್ತಿಗೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆಯುತ್ತಾರೆ. ಅಗಸೆ ಎಣ್ಣೆ ಹೆಚ್ಚು ಸೇರಿಸಿ ತೆಳ್ಳಗೆ ಮಾಡಿದ ಶಾಯಿಯನ್ನು ಗಟ್ಟಿ ರೋಲರಿನಿಂದ ಮೇಲ್ಮಟ್ಟಕ್ಕೆ ಹಚ್ಚುತ್ತಾರೆ. ಆಮೇಲೆ ಮಂದ ಶಾಯಿಯನ್ನು ಮೆತ್ತನೆ ರೋಲರಿನಿಂದ ಉರುಳಿಸಿದರೆ ಅದು ತಗ್ಗಿಗೆ ಇಳಿಯುತ್ತದೆ, ಎಣ್ಣೆಯ ಶಾಯಿ ಇರುವ ಕಡೆ ಮಾತ್ರ ಹತ್ತುವುದಿಲ್ಲ. ಮಂದದ ಅಳತೆ ತಪ್ಪಿದರೆ ಎರಡೂ ಕಲೆಸಿ ಕೆಸರಿನ ಬಣ್ಣ ಆಗಿಬಿಡುತ್ತದೆ. ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಹಿರಿಯರಿಗೆ ಈ ಅಚ್ಚುಗಳನ್ನು ತೋರಿಸಿ, ಅವರು ಕಲಾವಿಮರ್ಶಕರಿಗಿಂತ ಚೆನ್ನಾಗಿ ವಿವರಿಸಿಯಾರು.

ಪ್ರಶ್ನೆ: ಕತ್ತಲ ಕೋಣೆಯಲ್ಲಿ ವಿಡಿಯೊ ಓಡುತ್ತಿರುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ. ಫೋಟೊ, ವಿಡಿಯೊ ಕಲೆಯಾಗುವುದು ಯಾವಾಗ?
— ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪಟ್ಟಿಯಲ್ಲಿ ಅವಧಿ ಬರೆದಿರುತ್ತದೆ. ಹನ್ನೆರಡು ನಿಮಿಷ ಇದ್ದರೆ ಒಂದು ಪೂರ್ತಿ ಸುತ್ತು ಕೂತು ನೋಡಿ, ನಲವತ್ತು ಇದ್ದರೆ ಮೊದಲೇ ಸಮಯ ಇಟ್ಟುಕೊಂಡು ಹೋಗಿ. ನಡುವೆ ಹೊಕ್ಕರೆ ನೀವು ಬಂದ ಜಾಗದ ದೃಶ್ಯ ನೆನಪಿಟ್ಟುಕೊಂಡು ಅದು ಮತ್ತೆ ಬರುವವರೆಗೆ ಇರಿ.

ಫೋಟೊ ವಿಷಯಕ್ಕೆ ಎನ್. ಪುಷ್ಪಮಾಲಾ ಅವರಿಂದ ಶುರು ಮಾಡುವುದು ಒಳ್ಳೆಯದು. ಬೆಂಗಳೂರಿನವರು, ಶಿಲ್ಪ ಕಲಿತು ಆಮೇಲೆ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಂತವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿದ್ದಾರೆ, ಬ್ರಿಟಿಷ್ ಕಾಲದ ಮಾನವಶಾಸ್ತ್ರಜ್ಞರು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಹೆಂಗಸಾಗಿದ್ದಾರೆ, ಪೊಲೀಸರು ಹಿಡಿದು ಪತ್ರಿಕೆಗೆ ತೋರಿಸಿದ ಕಳ್ಳಿಯೂ ಆಗಿದ್ದಾರೆ. ಹಿಂದಿನ ಪರದೆ, ಒಡವೆ, ಬೆಳಕು ಎಲ್ಲವನ್ನೂ ಮೂಲದಂತೆ ಕಟ್ಟಿ, ಸಣ್ಣ ಸಣ್ಣ ಕಡೆ ಅದು ನಾಟಕವೆಂದು ಗೊತ್ತಾಗುವಂತೆ ಬಿಟ್ಟಿದ್ದಾರೆ. ಕಂಪನಿ ನಾಟಕದ ಪರದೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ಆಟ ಬೇಗ ಹತ್ತುತ್ತದೆ. ಒಂದು ಕೆಲಸ ಮಾಡಿ: ರವಿವರ್ಮನ ಮೂಲವನ್ನು ಮೊಬೈಲಿನಲ್ಲಿ ತೆರೆದು ಪಕ್ಕಕ್ಕೆ ಹಿಡಿದು, ಬೇರೆಯಾಗಿರುವ ಐದು ವಿವರ ಹುಡುಕಿ.

ಪ್ರಶ್ನೆ: ಜಲವರ್ಣದ ಚಿತ್ರಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದೆವು. ಈ ಮಳೆಗಾಲದಲ್ಲಿ ಕಂದು ಚುಕ್ಕೆ ಬಿದ್ದಿವೆ, ಒಂದು ಮೂಲೆ ಗಾಜಿಗೇ ಅಂಟಿದೆ. ಏನು ಮಾಡಬೇಕು?
— ಗೃಹಿಣಿ, ಸಪ್ತಾಪುರ, ಧಾರವಾಡ

ಉತ್ತರ: ಅಂಟಿದ ಮೂಲೆಯನ್ನು ಎಳೆಯಬೇಡಿ. ಬಣ್ಣ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸಂರಕ್ಷಣೆ ಬಲ್ಲವರಿಗೆ ತೋರಿಸುವವರೆಗೆ ಒಣ ಕೋಣೆಯಲ್ಲಿ ಮಲಗಿಸಿಡಿ.

ಕಂದು ಚುಕ್ಕೆಗೆ ಕಾರಣ ಬೂಷ್ಟು, ಜೊತೆಗೆ ಕಾಗದದಲ್ಲಿರುವ ಲೋಹದ ಕಣ ಮತ್ತು ಆಮ್ಲ. ಧಾರವಾಡದ ಮಳೆ ಬೀಸುವುದು ಪಶ್ಚಿಮದಿಂದ. ಆ ದಿಕ್ಕಿನ ಹೊರಗೋಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವ ಹಿಡಿದಿರುತ್ತದೆ, ಚೌಕಟ್ಟಿನ ಹಿಂದೆ ಗಾಳಿ ಆಡದಿದ್ದರೆ ಬೂಷ್ಟಿಗೆ ಬೇಕಾದ್ದೆಲ್ಲ ಸಿಕ್ಕಂತಾಯಿತು. ಫ್ರೇಮ್ ಅಂಗಡಿಯಲ್ಲಿ ಖರ್ಚು ಉಳಿಸಲು ಚಿತ್ರವನ್ನು ನೇರ ಗಾಜಿಗೆ ಒತ್ತಿ, ಹಿಂದೆ ಹಾರ್ಡ್‌ಬೋರ್ಡ್ ಇಟ್ಟು ಮೊಳೆ ಹೊಡೆಯುತ್ತಾರೆ. ಹಾರ್ಡ್‌ಬೋರ್ಡಿನ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಹಿಂದಿನಿಂದ ಕಂದು ಮಾಡುತ್ತದೆ.

ಸರಿಯಾಗಿ ಕಟ್ಟಿಸುವುದು ಹೀಗೆ. ಚಿತ್ರ ಮತ್ತು ಗಾಜಿನ ನಡುವೆ ಕಿಟಕಿ ಕತ್ತರಿಸಿದ ಆಮ್ಲರಹಿತ ಮೌಂಟ್ ಬೋರ್ಡ್, 2–3 ಮಿ.ಮೀ. ದಪ್ಪದ್ದು. ಚಿತ್ರದ ಹಿಂದೆಯೂ ಅದೇ ಬೋರ್ಡಿನ ಹಾಳೆ, ಹಾರ್ಡ್‌ಬೋರ್ಡ್ ಬೇಕಾದರೆ ಅದರ ಹಿಂದೆ ಇರಲಿ. ಚಿತ್ರವನ್ನು ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ತೆಳು ಕೈಕಾಗದದ ಪಟ್ಟಿಯಿಂದ ನೇತುಹಾಕಬೇಕು. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಕಾಗದ ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗಿ ಉಬ್ಬುತ್ತದೆ. ಸೆಲೊಟೇಪ್ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಫೆವಿಕಾಲ್ ಒಮ್ಮೆ ಒಣಗಿದರೆ ಬಿಡುವುದಿಲ್ಲ. ಅಂಟಾಗಿ ಗೋಧಿ ಪಿಷ್ಟ ಬಳಸಿ: ಒಂದು ಪಾಲು ಪಿಷ್ಟ, ನಾಲ್ಕೈದು ಪಾಲು ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಬಿಡದೆ ತಿರುವಿ, ಆರಿಸಿ, ಸೋಸಿ. ಕುರಡಗಿಗೆ ತೆಗೆಯುವ ಗೋಧಿ ಹಾಲಿನ ತಳದಲ್ಲಿ ಕೂರುವುದು ಇದೇ ಪಿಷ್ಟ, ಆದರೆ ಹುಳಿ ಬಂದಿರಬಾರದು, ಉಪ್ಪು ಬಿದ್ದಿರಬಾರದು. ಮೈದಾ ಬೇಡ, ಅದರ ಜಿಗುಟಿಗೆ ಹುಳ ಬರುತ್ತದೆ. ಮಾಡಿದ ಅಂಟು ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ.

ಒಣಗಿದ ಬೂಷ್ಟನ್ನು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೃದುವಾದ ಒಣ ಕುಂಚದಿಂದ ಸವರಿ ತೆಗೆಯಬಹುದು. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಿಸಿಲಿಗೂ ಇಡಬೇಡಿ. ಮತ್ತೆ ತೂಗುಹಾಕುವಾಗ ಒಳಗೋಡೆ ಆರಿಸಿ, ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಅರ್ಧ ಅಂಗುಲ ಗಾಳಿ ಆಡುತ್ತದೆ.

ಪ್ರಶ್ನೆ: ನಾನು ಕಸೂತಿ ಹಾಕುತ್ತೇನೆ. ನನ್ನ ಕೆಲಸವನ್ನು ‘ಕರಕುಶಲ’ ಅನ್ನುತ್ತಾರೆ, ಪಟ್ಟಣದವರು ಬಟ್ಟೆಗೆ ಹೊಲಿಗೆ ಹಾಕಿದರೆ ‘ಕಲೆ’ ಅನ್ನುತ್ತಾರೆ. ಯಾಕೆ?
— ಒಬ್ಬ ಓದುಗರು, ಕಲಘಟಗಿ

ಉತ್ತರ: ಸಿಟ್ಟು ನ್ಯಾಯವಾದದ್ದು. ಕೈಚಳಕದಲ್ಲಿ ಮೇಲು ಕೀಳಿಲ್ಲ. ಎರಡೂ ಬದಿ ಒಂದೇ ಥರ ಕಾಣುವ ಗವಂತಿ, ಮೆಟ್ಟಿಲಾಗಿ ಹೋಗುವ ಮುರ್ಗಿ, ನೇಯ್ದಂತೆ ತುಂಬುವ ನೇಯ್ಗಿ, ದಾಟುಹೊಲಿಗೆಯ ಮೆಂತಿ, ಇವನ್ನು ಗುರುತು ಹಾಕದೆ ಎಳೆ ಎಣಿಸಿಯೇ ಹಾಕುವವರ ಮುಂದೆ ಬಹಳ ‘ಜವಳಿ ಕಲಾವಿದರು’ ನಿಲ್ಲಲಾರರು. ಗ್ಯಾಲರಿಗಳು ಕೇಳುವುದು ಬೇರೆ: ಈ ವಿನ್ಯಾಸ ನಿಮ್ಮ ತೀರ್ಮಾನವೋ, ಪರಂಪರೆಯದೋ. ಗೋಪುರ, ತೊಟ್ಟಿಲು, ಆನೆ ಅಂಬಾರಿಯನ್ನು ಚಾಚೂತಪ್ಪದೆ ಹಾಕಿದರೆ ಅದು ಕಾಪಾಡುವ ಕೆಲಸ. ಅದೇ ನಾಲ್ಕು ಹೊಲಿಗೆಯಲ್ಲಿ ನಿಮ್ಮ ಓಣಿಯ ಮೊಬೈಲ್ ಟವರ್ ಮೂಡಿಸಿದರೆ, ಅಥವಾ ಹಿಂಬದಿಯನ್ನೇ ಮುಂದಾಗಿಸಿದರೆ, ಅದು ನಿಮ್ಮ ಹೆಸರಿನ ಕೃತಿ. ಮೃಣಾಲಿನಿ ಮುಖರ್ಜಿ (1949–2015) ಸೆಣಬಿನ ಹುರಿಗೆ ಗಂಟು ಹಾಕುತ್ತಾ ಆಳೆತ್ತರದ ಶಿಲ್ಪ ಮಾಡಿದರು, ನಕ್ಷೆಯನ್ನೂ ಮೊದಲೇ ಬರೆದುಕೊಳ್ಳದೆ. ಅವರ ಕೆಲಸದ ಚಿತ್ರಗಳನ್ನು ನೋಡಿ. ಸಹಿ ಮತ್ತು ಇಸವಿಯನ್ನು ಅಂಚಿನಲ್ಲಿ ಹೊಲಿಯುವುದನ್ನು ಇಂದಿನಿಂದಲೇ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಗೋಡೆಗೆ ಊರಿನ ಕಲಾವಿದರಿಂದ ಚಿತ್ರ ಬರೆಸಬೇಕೆಂದಿದ್ದೇವೆ. ಹಿಂದೆ ಬರೆಸಿದ್ದು ಎರಡೇ ವರ್ಷಕ್ಕೆ ಸಿಪ್ಪೆ ಎದ್ದಿತು, ಉಳಿದದ್ದಕ್ಕೆ ಯಾರೋ ಸುಣ್ಣ ಬಳಿದರು.
— ಮುಖ್ಯೋಪಾಧ್ಯಾಯರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಸಿಪ್ಪೆ ಎದ್ದದ್ದು ಬಹುಶಃ ಹಳೆಯ ಸುಣ್ಣದ ಮೇಲೆಯೇ ಬಣ್ಣ ಹಚ್ಚಿದ್ದರಿಂದ. ಸುಣ್ಣ ಗೋಡೆಯನ್ನು ಬಿಟ್ಟಾಗ ಚಿತ್ರವೂ ಜೊತೆಗೆ ಬರುತ್ತದೆ. ಗಟ್ಟಿ ಗಿಲಾವು ಸಿಗುವವರೆಗೆ ಕೆರೆದು, ತೊಳೆದು, ಒಣಗಿಸಿ. ಹೊಸ ಗಿಲಾವಾದರೆ 28 ದಿನ ಬಿಡಿ, ಮುಂಚೆ ಹಚ್ಚಿದರೆ ಅದರ ಕ್ಷಾರಕ್ಕೆ ಬಣ್ಣ ಸುಡುತ್ತದೆ. ಬುಡದಲ್ಲಿ ಸವಳು ಹತ್ತಿದ್ದರೆ ಯಾವ ಬಣ್ಣವೂ ನಿಲ್ಲದು. ನೀರು ಎಲ್ಲಿಂದ ಏರುತ್ತಿದೆ ನೋಡಿ ಮೊದಲು ಅದನ್ನು ನಿಲ್ಲಿಸಿ, ಇಲ್ಲವೇ ಚಿತ್ರವನ್ನು ಎರಡಡಿ ಮೇಲಿನಿಂದ ಶುರು ಮಾಡಿಸಿ. 30 ಅಡಿ ಉದ್ದ 8 ಅಡಿ ಎತ್ತರದ ಗೋಡೆ 240 ಚದರಡಿ. ಹೊರಗೋಡೆಯ ಪ್ರೈಮರ್ ಒಂದು ಸಲ ಬಳಿಯಲು ಸುಮಾರು ಎರಡೂವರೆ ಲೀಟರ್, ಹಿನ್ನೆಲೆಯ ಎಮಲ್ಷನ್ ಎರಡು ಸಲ ಬಳಿಯಲು ನಾಲ್ಕರಿಂದ ಐದು ಲೀಟರ್. ಬಿಸಿಲು ಬೀಳುವ ಗೋಡೆಯಲ್ಲಿ ಗಾಢ ಕೆಂಪು, ಗುಲಾಬಿ, ನೇರಳೆ ಮೊದಲು ಮಾಸುತ್ತವೆ. ಕಾವಿ, ಹಳದಿ ಮಣ್ಣು, ಕಪ್ಪು ಬಾಳುತ್ತವೆ. ಚಿತ್ರದ ಮುಖ್ಯ ಭಾಗ ಗುಲಾಬಿಯಲ್ಲಿ ಇರದಂತೆ ಕಲಾವಿದರಿಗೆ ಹೇಳಿ.

ಇನ್ನು ಸುಣ್ಣ ಬಳಿದ ವಿಷಯ. ಗೋಡೆ ಶಾಲೆಯದಾದರೂ 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿ ವಿರೂಪವಾಗದಂತೆ ಕೇಳುವ ಹಕ್ಕನ್ನು ಕಲಾವಿದರಿಗೆ ಉಳಿಸಿದೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದಕ್ಕೆ, 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿ ಐದು ಲಕ್ಷ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಹೇಳಿತು. ಆದ್ದರಿಂದ ಬರೆಸುವ ಮುನ್ನವೇ ಒಂದು ಪುಟದ ಕರಾರು ಮಾಡಿಕೊಳ್ಳಿ: ಎಷ್ಟು ವರ್ಷ ಉಳಿಸುತ್ತೀರಿ, ದುರಸ್ತಿ ಯಾರದು, ತೆಗೆಯುವ ಮೊದಲು ಎಷ್ಟು ದಿನ ಮುಂಚೆ ತಿಳಿಸುತ್ತೀರಿ. ಕಲಾವಿದರ ಹೆಸರು, ಇಸವಿಯನ್ನು ಗೋಡೆಯ ಮೂಲೆಯಲ್ಲಿ ಓದುವಷ್ಟು ದೊಡ್ಡದಾಗಿ ಬರೆಸಿ. ಹೆಸರಿದ್ದ ಗೋಡೆಗೆ ಸುಣ್ಣದ ಬಕೆಟ್ ತರುವವರು ಒಂದು ಸಲ ಯೋಚಿಸುತ್ತಾರೆ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಇಷ್ಟವಾದ ಕಲಾವಿದರ ಕ್ಯಾನ್ವಾಸ್ ಕೊಳ್ಳಬೇಕೆಂದಿದ್ದೇನೆ. ಬೆಲೆ ಹೇಗೆ ಕಟ್ಟುತ್ತಾರೆ, ಏನೇನು ಕೇಳಬೇಕು?
— ವ್ಯಾಪಾರಿ, ಹಾವೇರಿ

ಉತ್ತರ: ಹೊಸಬರು ಬಹುಮಟ್ಟಿಗೆ ಚದರ ಅಂಗುಲದ ಲೆಕ್ಕದಲ್ಲಿ ಹೇಳುತ್ತಾರೆ. 24×36 ಅಂಗುಲ ಅಂದರೆ 864 ಚದರ ಅಂಗುಲ, ದರ ಇಪ್ಪತ್ತು ರೂಪಾಯಿ ಅಂದುಕೊಂಡರೆ ₹17,280. ಅದೇ ಕಲಾವಿದರ ಬೇರೆ ಎರಡು ಅಳತೆಯ ಬೆಲೆ ಕೇಳಿ ಭಾಗಿಸಿ ನೋಡಿ. ದರ ಹತ್ತಿರ ಹತ್ತಿರ ಬಂದರೆ ಬೆಲೆಗೆ ಒಂದು ಕ್ರಮ ಇದೆ ಎಂದರ್ಥ. ಚೌಕಾಸಿಗಿಂತ, ಎರಡು ಕಂತಿನಲ್ಲಿ ಕೊಡಬಹುದೇ ಎಂದು ಕೇಳಿದರೆ ಇಬ್ಬರಿಗೂ ಅನುಕೂಲ.

ಹಣ ಹಾಕುವ ಮೊದಲು ಹಗಲು ಬೆಳಕಿನಲ್ಲಿ ಚಿತ್ರದ ಹಿಂಬದಿ, ಅಂಚು, ಮತ್ತು ಪಕ್ಕದಿಂದ ಬೆಳಕು ಬಿಟ್ಟ ಒಂದು ಸಣ್ಣ ವಿಡಿಯೊ ತರಿಸಿಕೊಳ್ಳಿ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಮೇಲೆ ಪಾರದರ್ಶಕ ಜೆಲ್ ಎಳೆದು ಕುಂಚದ ಗುರುತು ಮಾಡಿ ಮಾರುವವರಿದ್ದಾರೆ. ಅದರಲ್ಲಿ ಉಬ್ಬಿದ ಕುಂಚದ ಗೆರೆ ಒಂದು ಕಡೆ ಹೋದರೆ ಚಿತ್ರದ ಎಲೆ, ಮೂಗು ಇನ್ನೊಂದು ಕಡೆ ಹೋಗಿರುತ್ತವೆ. ಸಹಿ ಮಾಡಿದ ಪ್ರಮಾಣಪತ್ರದಲ್ಲಿ ಕೃತಿಯ ಹೆಸರು, ಇಸವಿ, ಮಾಧ್ಯಮ, ಅಳತೆ, ಫೋಟೊ, ಮಾರಿದ ದಿನಾಂಕ ಇರಲಿ, ಜೊತೆಗೆ ರಸೀದಿ. ಚಿತ್ರ ನಿಮ್ಮದಾದರೂ ಬೇರೆ ಕರಾರು ಇಲ್ಲದಿದ್ದರೆ ಹಕ್ಕುಸ್ವಾಮ್ಯ ಕಲಾವಿದರದ್ದೇ. ನಿಮ್ಮ ಅಂಗಡಿಯ ಕ್ಯಾಲೆಂಡರಿಗೆ ಅದನ್ನು ಹಾಕಿಸಬೇಕಾದರೆ ಅನುಮತಿ ಬೇಕು. ಮುಂದೆ ನೀವು ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮಾರಿದರೆ ಆ ಬೆಲೆಯಲ್ಲಿ ಪಾಲು ಕೇಳುವ ಹಕ್ಕನ್ನೂ ಕಾಯ್ದೆಯ 53ಎ ಕಲಮು ಕಲಾವಿದರಿಗೆ ಕೊಟ್ಟಿದೆ, ಗರಿಷ್ಠ ಶೇ 10.

ಸುತ್ತಿ ಕಳಿಸುವುದಾದರೆ ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಲು ಹೇಳಿ. ಎಲ್ಲರೂ ಕಾಪಾಡುವ ಆಸೆಗೆ ಬಣ್ಣವನ್ನು ಒಳಗೆ ಮಾಡುತ್ತಾರೆ. ಹಾಗೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟಿ, ಬಿಚ್ಚುವಾಗ ಸೀಳುತ್ತದೆ. ಕೊಳವೆ ಕನಿಷ್ಠ ನಾಲ್ಕು ಅಂಗುಲ ಅಗಲ, ಆರು ಇದ್ದರೆ ಉತ್ತಮ. ಬಣ್ಣಕ್ಕೆ ತಾಗುವ ಪದರ ಆಮ್ಲರಹಿತ ತೆಳು ನುಣುಪು ಕಾಗದ ಆಗಿರಲಿ. ಬಬಲ್ ರ‍್ಯಾಪ್ ನೇರ ತಾಗಿದರೆ ಬಿಸಿಗೆ ಆಕ್ರಿಲಿಕ್ ಮೆತ್ತಗಾಗಿ ಗುಳ್ಳೆಯ ಅಚ್ಚು ಮೂಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಸ್ಸಿನ ಟಾಪಿನ ಮೇಲೆ ಹಾಕಿಸಬೇಡಿ. ತಲುಪಿದ ದಿನವೇ ಬಿಚ್ಚಿ, ಮುಖ ಮೇಲೆ ಮಾಡಿ ಒಂದು ದಿನ ಚಪ್ಪಟೆ ಮಲಗಿಸಿ, ಆಮೇಲೆ ಮರದ ಚೌಕಟ್ಟಿಗೆ ಬಿಗಿಸಲು ಕೊಡಿ. ಬಿಗಿಸುವಾಗ ನಾಲ್ಕು ಬದಿಯ ನಡುವಿನಿಂದ ಶುರು ಮಾಡಿ ಮೂಲೆಯತ್ತ ಹೋಗಬೇಕು, ಮೂಲೆಯಿಂದ ಶುರು ಮಾಡಿದರೆ ನಡುವೆ ಜೋಲು ಉಳಿಯುತ್ತದೆ.